ಬೇರೆ ಕಂಪನಿಯ ಪೆಟ್ಟಿಗೆ ನಮ್ಮ ಲೈನಿಗೆ ಏಕೆ ಹೊಂದಲಿಲ್ಲ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ತಾಲ್ಲೂಕಿನ ಒಳಗಿನ ಊರು. ಏಪ್ರಿಲ್‌ ತಿಂಗಳ ಮಳೆಯಲ್ಲಿ ಸಿಡಿಲು ಬಡಿದು ಮನೆಯ ಫೈಬರ್ ಮೋಡೆಮ್ ಸುಟ್ಟುಹೋಯಿತು. ಆನ್‌ಲೈನ್‌ನಲ್ಲಿ ಬೇರೆ ಕಂಪನಿಯದ್ದನ್ನು ಕಡಿಮೆ ಬೆಲೆಗೆ ತರಿಸಿದೆ. ಲೈನ್ ನೋಡಿಕೊಳ್ಳುವ ಹುಡುಗ ಬಂದು, ‘ಇದು ನಮ್ಮ ಕಡೆಯ ಮೆಷಿನ್‌ಗೆ ಹೊಂದುವುದಿಲ್ಲ’ ಎಂದು ಹೇಳಿ ಹೋದ. ಮೊಬೈಲ್ ಮಾತ್ರ ಯಾವ ಕಂಪನಿಯದ್ದಾದರೂ ಯಾವ ಟವರ್‌ಗೂ ಹೊಂದುತ್ತದೆ. ಈ ಉಪಕರಣ ತಯಾರಕರು ಒಬ್ಬರ ಮೇಲೊಬ್ಬರು ಕೇಸು ಹಾಕುತ್ತಾರೆ ಎಂದು ಓದುತ್ತೇನೆ. ಒಟ್ಟಿಗೆ ಕುಳಿತು ನಿಯಮ ಬರೆಯುತ್ತಾರೆ ಎಂದೂ ಓದುತ್ತೇನೆ. ಇವರು ಪರಸ್ಪರ ಸ್ನೇಹಿತರೋ, ಶತ್ರುಗಳೋ?

ಉತ್ತರ: ನಿಮ್ಮ ಮನೆಯ ಪೆಟ್ಟಿಗೆಯಿಂದಲೇ ಆರಂಭಿಸುತ್ತೇನೆ, ಕಂಪನಿಗಳ ಕಥೆ ಅಲ್ಲಿಂದ ತಾನಾಗಿ ಬಿಚ್ಚಿಕೊಳ್ಳುತ್ತದೆ. ನೀವು ಮೋಡೆಮ್ ಎಂದಿರುವುದನ್ನು ಈ ಕಸುಬಿನವರು ಓಎನ್‌ಟಿ ಎನ್ನುತ್ತಾರೆ. ಅದರ ಫೈಬರ್ ಹೋಗಿ ಸೇರುವ, ಎಕ್ಸ್‌ಚೇಂಜ್‌ನಲ್ಲೋ ಕೇಬಲ್‌ನವರ ಕೋಣೆಯಲ್ಲೋ ಇರುವ ದೊಡ್ಡ ಯಂತ್ರ ಓಎಲ್‌ಟಿ. ಸಿಡಿಲು ಗಾಜಿನ ಎಳೆ ಹಿಡಿದು ಬಂದಿರಲಾರದು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಕರೆಂಟಿನ ಅಡಾಪ್ಟರ್ ಮೂಲಕವೋ, ಕೇಬಲ್ಲಿಗೆ ಬಲ ಕೊಡಲು ಹಾಕಿರುವ ಉಕ್ಕಿನ ತಂತಿಯ ಮೂಲಕವೋ ಬಂದಿರಬೇಕು. ಗುಡುಗು ಕೇಳಿದಾಗ ಪ್ಲಗ್ ಕಿತ್ತಿಡುವುದೇ ಅದಕ್ಕೆ ಮದ್ದು.

ಸುಟ್ಟ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿರುವ ಚೀಟಿಯನ್ನು ಒಮ್ಮೆ ಓದಿ. ಅದು ಜಿಪಾನ್ ಎಂಬ ಬಗೆಯ ಪೆಟ್ಟಿಗೆಯಾಗಿದ್ದರೆ ಅದರ ಕ್ರಮಸಂಖ್ಯೆಯ ಮೊದಲ 4 ಅಕ್ಷರಗಳು ತಯಾರಕರ ಗುರುತು, ನಂತರದ 8 ಆ ಪೆಟ್ಟಿಗೆಯ ಸ್ವಂತ ಸಂಖ್ಯೆ. ಒಂದು ತಮಾಷೆ ಹೇಳುತ್ತೇನೆ: ನೋಕಿಯಾ ಕಂಪನಿಯ ಓಎನ್‌ಟಿಗಳಲ್ಲಿ ಈ ಗುರುತು ‘ಎಎಲ್‌ಸಿಎಲ್’ ಎಂದಿರುತ್ತದೆ. ಅದು ಫ್ರಾನ್ಸಿನ ಅಲ್ಕಾಟೆಲ್‌ನ ಗುರುತು. ಅಲ್ಕಾಟೆಲ್ 2006ರಲ್ಲಿ ಅಮೆರಿಕದ ಲೂಸೆಂಟ್‌ನೊಂದಿಗೆ ಕೂಡಿತು. ಆ ಕೂಡುಕಂಪನಿಯನ್ನು ಅದರ ಪ್ರತಿಸ್ಪರ್ಧಿಯಾಗಿದ್ದ ನೋಕಿಯಾ 2016ರಲ್ಲಿ ತನ್ನದಾಗಿಸಿಕೊಂಡಿತು. ಪೈಪೋಟಿ ಮುಗಿದು ಎಷ್ಟೋ ವರ್ಷವಾದರೂ ಎದುರಾಳಿಯ ಹೆಸರು ಚೀಟಿಯಲ್ಲಿ ಉಳಿದುಕೊಂಡಿದೆ.

ಫೈಬರ್ ಸಿಕ್ಕಿಸಿದ ಕೂಡಲೇ ಓಎಲ್‌ಟಿ ಹೊಸ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಕೇಳುತ್ತದೆ. ಇಲ್ಲಿಯವರೆಗೆ ಎಲ್ಲ ಕಂಪನಿಗಳ ಯಂತ್ರಗಳ ನಡವಳಿಕೆಯೂ ಒಂದೇ, ಏಕೆಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಜಿಪಾನ್‌ಗಾಗಿ 2003ರಿಂದ ಹೊರತಂದ ಜಿ.984 ಸರಣಿಯ ಮಾನಕಗಳಲ್ಲಿ, ಅಂದರೆ ಎಲ್ಲರೂ ಒಪ್ಪಿದ ತಾಂತ್ರಿಕ ನಿಯಮಗಳಲ್ಲಿ, ಎಲ್ಲವೂ ನಿಗದಿಯಾಗಿದೆ: ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310, ಬರುವ ವೇಗ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹೋಗುವುದು ಅದರ ಅರ್ಧ. ಗುರುತು ಸಿಕ್ಕ ಮೇಲೆ ಓಎಲ್‌ಟಿಯು ಪೆಟ್ಟಿಗೆಗೆ, ‘ಇಂಟರ್‌ನೆಟ್ ಈ ದಾರಿಯಲ್ಲಿ, ಫೋನು ಆ ದಾರಿಯಲ್ಲಿ’ ಎಂದು ಆಜ್ಞೆ ಕೊಡಬೇಕು. ಆ ಆಜ್ಞೆಗಳ ಭಾಷೆಗೂ ಮಾನಕವಿದೆ. ಆದರೆ ಅದರೊಳಗೆ ‘ಇದನ್ನು ತಯಾರಕರು ತಮಗೆ ಬೇಕಾದಂತೆ ಬಳಸಿಕೊಳ್ಳಬಹುದು’ ಎಂಬ ಖಾಲಿ ಜಾಗಗಳನ್ನೂ ಬಿಡಲಾಗಿದೆ. ಪ್ರತಿ ಕಂಪನಿಯೂ ಆ ಜಾಗಗಳನ್ನು ತನ್ನ ರೀತಿಯಲ್ಲಿ ತುಂಬಿಕೊಂಡಿರುತ್ತದೆ. ಪರಿಣಾಮವಾಗಿ ಪರಕೀಯ ಪೆಟ್ಟಿಗೆಗೆ ಬೆಳಕು ಸಿಗುತ್ತದೆ, ಹೆಸರೂ ದಾಖಲಾಗುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ. ಅಥವಾ ಇಂಟರ್‌ನೆಟ್ ಬಂದು ಫೋನು ಸತ್ತಿರುತ್ತದೆ.

ಆ ಖಾಲಿ ಜಾಗಗಳು ಮರೆವಿನಿಂದ ಉಳಿದವುಗಳಲ್ಲ, ಚೌಕಾಶಿ ಮಾಡಿ ಉಳಿಸಿಕೊಂಡವು. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಮುಖ್ಯ ಉತ್ತರವೂ ಇದೇ. ಸ್ನೇಹ ಮತ್ತು ಶತ್ರುತ್ವ ಎಂಬ ಪದಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಲ್ಲರಿಗೂ ಸೇರಿದ ಭಾಗ ಎಲ್ಲಿಗೆ ಮುಗಿದು ತನ್ನ ಸ್ವಂತದ್ದು ಎಲ್ಲಿಂದ ಶುರುವಾಗಬೇಕು ಎಂಬ ಗಡಿಯ ಸುತ್ತಲೇ ಈ ಉದ್ಯಮದ ಸಹಕಾರವೂ ಜಗಳವೂ ನಡೆಯುತ್ತವೆ. ಕೊಡಗಿನ ಕಾಫಿ ಸೀಮೆಯವರಾದ ನಿಮಗೆ ಇದು ಹೊಸದೇನಲ್ಲ. ಚೆರಿ ಕಾಫಿಯ ಮೂಟೆ ಎಂದರೆ 50 ಕಿಲೋ ಎನ್ನುವ ಬಗ್ಗೆ ಗೋಣಿಕೊಪ್ಪದ ಯಾವ ವ್ಯಾಪಾರಿಗೂ ತಕರಾರಿಲ್ಲ, ಅದಿಲ್ಲದಿದ್ದರೆ ವ್ಯಾಪಾರವೇ ನಡೆಯದು. ತಕರಾರು ಇರುವುದು ಓಟಿ (ಮೂಟೆಯಿಂದ ಸಿಗುವ ಬೇಳೆಯ ತೂಕ) ಎಷ್ಟು, ತೇವಾಂಶ ಎಷ್ಟು ಎನ್ನುವುದರಲ್ಲಿ, ಏಕೆಂದರೆ ಲಾಭ ಇರುವುದು ಅಲ್ಲಿ.

ಮೊಬೈಲ್ ಯಾವ ಟವರ್‌ಗಾದರೂ ಹೊಂದುವುದಕ್ಕೆ ಕಾರಣ, ಫೋನು ಮತ್ತು ಟವರ್ ನಡುವಿನ ಗಾಳಿಯಲ್ಲಿ ಸಾಗುವ ಸಂಕೇತವನ್ನು ಪೂರ್ತಿಯಾಗಿ ಎಲ್ಲರ ಸ್ವತ್ತು ಮಾಡಿದ್ದು. ಇದು ಒಳ್ಳೆಯತನದಿಂದ ಆದದ್ದಲ್ಲ. 1980ರ ದಶಕದ ಯುರೋಪಿನಲ್ಲಿ ಒಂದೊಂದು ದೇಶದ್ದು ಒಂದೊಂದು ಬಗೆಯ ಮೊಬೈಲ್ ವ್ಯವಸ್ಥೆಯಾಗಿತ್ತು, ಹಾಗಾಗಿ ಯಾರ ಮಾರುಕಟ್ಟೆಯೂ ದೊಡ್ಡದಾಗಲಿಲ್ಲ. 1987ರಲ್ಲಿ ಕೋಪನ್‌ಹೇಗನ್‌ನಲ್ಲಿ 13 ದೇಶಗಳ ದೂರವಾಣಿ ಸಂಸ್ಥೆಗಳು ಜಿಎಸ್‌ಎಂ ಎಂಬ ಒಂದೇ ಮೊಬೈಲ್ ವ್ಯವಸ್ಥೆಯನ್ನು ಜಾರಿಗೆ ತರುವುದಾಗಿ ಒಪ್ಪಂದಕ್ಕೆ ಸಹಿ ಮಾಡಿದವು. 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ಮೊದಲ ಜಿಎಸ್‌ಎಂ ಕರೆ ಹೋದ ಜಾಲವನ್ನು ನೋಕಿಯಾ ಮತ್ತು ಜರ್ಮನಿಯ ಸೀಮೆನ್ಸ್ ಸೇರಿ ಕಟ್ಟಿದ್ದವು. ಭಾಗ ಮಾಡಿಕೊಂಡರೂ ದೊಡ್ಡ ರೊಟ್ಟಿಯ ತುಂಡು ಪೂರ್ತಿ ಸಣ್ಣ ರೊಟ್ಟಿಗಿಂತ ಹೆಚ್ಚು ಎಂಬ ಲೆಕ್ಕ ಅದು. ಅದಕ್ಕೆ ವಿರುದ್ಧವಾದ ಅನುಭವ ನಮ್ಮಲ್ಲೂ ಆಗಿದೆ: 2003ರಲ್ಲಿ 501 ರೂಪಾಯಿಗೆ ಸಿಕ್ಕ ಸಿಡಿಎಂಎ ಎಂಬ ಬೇರೆ ವ್ಯವಸ್ಥೆಯ ಫೋನುಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಸಿಮ್ ಇರಲಿಲ್ಲ, ಸಂಖ್ಯೆ ಫೋನಿನೊಳಗೇ ಇತ್ತು. ಬೇರೆಯವರ ಸೇವೆಗೆ ಹೋಗಬೇಕೆಂದರೆ ಫೋನನ್ನೇ ಬಿಡಬೇಕಿತ್ತು.

ಈಗ ಮೊಬೈಲ್ ಮಾನಕ ಬರೆಯುವ ಕೆಲಸ ನಡೆಯುವುದು 1998ರ ಡಿಸೆಂಬರ್‌ನಲ್ಲಿ ಹುಟ್ಟಿದ 3ಜಿಪಿಪಿ ಎಂಬ ಒಕ್ಕೂಟದಲ್ಲಿ. ಯುರೋಪ್, ಅಮೆರಿಕ, ಚೀನಾ, ಜಪಾನ್, ಕೊರಿಯಾ ಮತ್ತು ಭಾರತದ 7 ಮಾನಕ ಸಂಸ್ಥೆಗಳು ಅದರ ಪಾಲುದಾರರು. ಎರಿಕ್ಸನ್, ನೋಕಿಯಾ, ಹುವಾವೇ, ಝಡ್‌ಟಿಇ, ಸ್ಯಾಮ್ಸಂಗ್, ಕ್ವಾಲ್ಕಾಮ್‌ಗಳ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಕುಳಿತು ಸಾಲು ಸಾಲಾಗಿ ವಾದಿಸುತ್ತಾರೆ. ಹೊರಗಿನವರು ನೋಡದ ಒಂದೆರಡು ಪದ್ಧತಿಗಳು ಅಲ್ಲಿವೆ. ಇನ್ನೂ ಒಪ್ಪಿಗೆಯಾಗದ ಅಂಕಿಯನ್ನು ಕರಡಿನಲ್ಲಿ ಚೌಕ ಆವರಣದೊಳಗೆ ಬರೆದಿಡುತ್ತಾರೆ. ಒಂದು ಸಂಖ್ಯೆಯ ಸುತ್ತಲಿನ ಆ ಆವರಣ ಹೋಗಲು ತಿಂಗಳುಗಳೇ ಹಿಡಿಯುವುದುಂಟು. ವಾದ ಸಿಕ್ಕುಬಿದ್ದಾಗ ಯಾರೋ ಒಬ್ಬರು ‘ವೇ ಫಾರ್ವರ್ಡ್’ ಎಂಬ ಪುಟ್ಟ ದಸ್ತಾವೇಜು ತಯಾರಿಸಿ, ಕಾಫಿ ವಿರಾಮದಲ್ಲಿ ಎದುರಾಳಿಗಳ ಬಳಿ ಹೋಗಿ ‘ನಿಮ್ಮ ಹೆಸರನ್ನೂ ಸೇರಿಸಲೇ?’ ಎಂದು ಕೇಳುತ್ತಾರೆ. ಮಾರುಕಟ್ಟೆಯಲ್ಲಿ ಒಂದೇ ಟೆಂಡರ್‌ಗೆ ಕಚ್ಚಾಡುತ್ತಿರುವ ಕಂಪನಿಗಳ ಹೆಸರುಗಳು ಆ ಪುಟದ ತಲೆಯಲ್ಲಿ ಒಂದರ ಪಕ್ಕ ಒಂದು ಇರುತ್ತವೆ. ನಿರ್ಧಾರ ಸಾಧ್ಯವಾದಷ್ಟೂ ಒಮ್ಮತದಿಂದ. ಮತಕ್ಕೆ ಹಾಕಲೇಬೇಕಾದರೆ 71 ಶೇಕಡಾ ಬೇಕು, ಅಂದರೆ ಯಾವ ಒಂದು ಗುಂಪೂ ಬಲದಿಂದ ಸಾಧಿಸಿಕೊಳ್ಳುವುದು ಸುಲಭವಲ್ಲ.

5ಜಿಯ ಕಥೆಯಲ್ಲಿ ಈ ಜಗಳ ಬಹಳ ಬಿಸಿಯಾದದ್ದು 2016ರಲ್ಲಿ. ಗಾಳಿಯಲ್ಲಿ ಸಾಗುವಾಗ ಕೆಟ್ಟುಹೋಗುವ ದತ್ತಾಂಶವನ್ನು ಸರಿಪಡಿಸಿಕೊಳ್ಳುವ ಸಂಕೇತ (ಕೋಡ್) ಯಾವುದಾಗಬೇಕು ಎಂಬುದು ವಿಷಯ. ಕ್ವಾಲ್ಕಾಮ್ ಮತ್ತಿತರರು ಎಲ್‌ಡಿಪಿಸಿ ಎಂಬುದರ ಪರ. ಅದನ್ನು 1960ರ ದಶಕದ ಆರಂಭದಲ್ಲೇ ರಾಬರ್ಟ್ ಗ್ಯಾಲಗರ್ ರೂಪಿಸಿದ್ದರು. ಹುವಾವೇ ಮತ್ತದರ ಜೊತೆಗಿದ್ದವರು ಟರ್ಕಿಯ ಪ್ರಾಧ್ಯಾಪಕ ಎರ್ದಾಲ್ ಅರಿಕಾನ್ 2009ರಲ್ಲಿ ಪ್ರಕಟಿಸಿದ ಪೋಲಾರ್ ಸಂಕೇತದ ಪರ. ಅಕ್ಟೋಬರ್‌ನ ಲಿಸ್ಬನ್ ಸಭೆಯಲ್ಲಿ ಅರ್ಧ, ನವೆಂಬರ್‌ನಲ್ಲಿ ಅಮೆರಿಕದ ರೀನೋ ಸಭೆಯಲ್ಲಿ ಉಳಿದರ್ಧ ತೀರ್ಮಾನವಾಗಿ, ನಾವು ನೋಡುವ ವಿಡಿಯೋ ಮೊದಲಾದ ದತ್ತಾಂಶಕ್ಕೆ ಎಲ್‌ಡಿಪಿಸಿ, ಫೋನು ಮತ್ತು ಟವರ್ ತಮ್ಮೊಳಗೆ ನಡೆಸುವ ನಿಯಂತ್ರಣ ಸಂದೇಶಗಳಿಗೆ ಪೋಲಾರ್ ಎಂದಾಯಿತು. ತಾಂತ್ರಿಕವಾಗಿ ಸಮರ್ಥಿಸಬಹುದಾದ ಹಂಚಿಕೆಯೇ ಅದು. ಆದರೂ ಗದ್ದೆಯನ್ನು ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡಂತೆ ಕಂಡರೆ ಅದು ನಿಮ್ಮ ಕಣ್ಣಿನ ದೋಷವಲ್ಲ.

ಒಂದು ಸಂಕೇತಕ್ಕಾಗಿ ಇಷ್ಟು ಹೋರಾಟ ಏಕೆ? ಮಾನಕದೊಳಗೆ ಸೇರಿದ ತಂತ್ರದ ಮೇಲೆ ಪೇಟೆಂಟ್ ಇದ್ದವರಿಗೆ ಜಗತ್ತಿನ ಪ್ರತಿ ಫೋನಿನಿಂದಲೂ ರಾಜಧನ ಬರುತ್ತದೆ. ಮಾನಕ ಬರೆಯುವ ಸಹಕಾರದೊಳಗೇ ಪೈಪೋಟಿಯ ಬೇರು ಇರುವುದು ಹೀಗೆ. ಇದು ದರೋಡೆಯಾಗದಿರಲೆಂದು, ಅಂಥ ಪೇಟೆಂಟ್ ಇರುವವರು ಯಾರು ಕೇಳಿದರೂ ನ್ಯಾಯವಾದ, ಹದವಾದ, ತಾರತಮ್ಯವಿಲ್ಲದ ಷರತ್ತಿನಲ್ಲಿ ಪರವಾನಗಿ ಕೊಡುವುದಾಗಿ ಮೊದಲೇ ವಾಗ್ದಾನ ಮಾಡಬೇಕು. ‘ಹದ’ ಎಂದರೆ ಎಷ್ಟು ಎಂದು ಯಾವ ದಾಖಲೆಯಲ್ಲೂ ಬರೆದಿಲ್ಲ. ವಕೀಲರ ಜೀವನ ನಡೆಯುತ್ತಿರುವುದು ಆ ಒಂದು ಪದದ ಮೇಲೆ. 5ಜಿ ಫೋನೊಂದಕ್ಕೆ ಎರಿಕ್ಸನ್ 2017ರಲ್ಲಿ ಗರಿಷ್ಠ 5 ಡಾಲರ್ ಎಂದಿತು, ನೋಕಿಯಾ 2018ರಲ್ಲಿ 3 ಯೂರೋ ಎಂದಿತು, ಹುವಾವೇ 2021ರಲ್ಲಿ 2.5 ಡಾಲರ್ ಮೀರುವುದಿಲ್ಲ ಎಂದಿತು. ಹಣ ಕೊಡಬೇಕಾದವರು ಒಪ್ಪದಿದ್ದರೆ ಕೋರ್ಟು: ಎರಿಕ್ಸನ್ 2013ರಲ್ಲಿ ಮೈಕ್ರೋಮ್ಯಾಕ್ಸ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದದ್ದು ಹೀಗೆಯೇ. ಇಬ್ಬರ ಬಳಿಯೂ ಪೇಟೆಂಟ್ ರಾಶಿ ಇದ್ದರೆ ಕೊನೆಗೆ ಕೊಟ್ಟು ತೆಗೆದುಕೊಳ್ಳುವ ಒಪ್ಪಂದ ಆಗುತ್ತದೆ. 2023ರ ಆಗಸ್ಟ್‌ನಲ್ಲಿ ಹುವಾವೇ ಮತ್ತು ಎರಿಕ್ಸನ್ ಮಾಡಿಕೊಂಡದ್ದು ಅಂಥದ್ದು. ನೀವು ಪತ್ರಿಕೆಯಲ್ಲಿ ಓದುವ ಕೇಸುಗಳಲ್ಲಿ ಬಹುಪಾಲು ಇಂಥ ಒಪ್ಪಂದದ ಬೆಲೆ ನಿಗದಿಪಡಿಸುವ ಚೌಕಾಶಿಯೇ ಎಂದು ನನ್ನ ಎಣಿಕೆ.

ಪೇಟೆಂಟ್ ಎಷ್ಟು ಬೆಲೆಬಾಳುತ್ತದೆ ಎನ್ನುವುದಕ್ಕೆ ಕೆನಡಾದ ನಾರ್ಟೆಲ್ ಕಂಪನಿಯ ಕೊನೆ ಸಾಕ್ಷಿ. 2009ರ ಜನವರಿಯಲ್ಲಿ ಅದು ದಿವಾಳಿಯಾಯಿತು. 2011ರಲ್ಲಿ ಅದರ ಸುಮಾರು 6,000 ಪೇಟೆಂಟ್‌ಗಳು ಹರಾಜಿಗೆ ಬಂದಾಗ, ಗೂಗಲ್‌ನ ಕೈಗೆ ಅವು ಹೋಗದಂತೆ ಆಪಲ್, ಮೈಕ್ರೋಸಾಫ್ಟ್, ಬ್ಲ್ಯಾಕ್‌ಬೆರಿ ತಯಾರಿಸುತ್ತಿದ್ದ ರಿಮ್, ಸೋನಿ, ಎರಿಕ್ಸನ್ ಮತ್ತು ಇಎಂಸಿ ಒಟ್ಟುಗೂಡಿ 450 ಕೋಟಿ ಡಾಲರ್‌ಗೆ ಕೊಂಡವು. ಫೋನಿನ ಅಂಗಡಿಯಲ್ಲಿ ಆಪಲ್‌ಗೂ ರಿಮ್‌ಗೂ ಆಗ ಎಂಥ ಪೈಪೋಟಿ ಇತ್ತೆಂದು ನೆನೆದರೆ ಈ ಜೊತೆಗಾರಿಕೆಯ ವಿಚಿತ್ರ ತಿಳಿಯುತ್ತದೆ.

ಇನ್ನು ಗಡಿಯ ಆಚೆ ಕಡೆ, ಅಂದರೆ ಕಂಪನಿಗಳು ತಮ್ಮದೆಂದು ಮುಚ್ಚಿಟ್ಟುಕೊಂಡ ಭಾಗ. ಮಡಿಕೇರಿಗೆ ಹೋಗುವಾಗ ಯಾವುದಾದರೂ ಟವರ್ ನೋಡಿ: ಮೇಲೆ ಆಂಟೆನಾದ ಹತ್ತಿರ ರೇಡಿಯೋ ಪೆಟ್ಟಿಗೆಗಳು, ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಲೆಕ್ಕ ಮಾಡುವ ಬೇಸ್‌ಬ್ಯಾಂಡ್ ಯಂತ್ರ, ನಡುವೆ ಫೈಬರ್. ಈ ಫೈಬರಿನ ಮೇಲಿನ ಸಂಭಾಷಣೆಗೆ ಎರಿಕ್ಸನ್, ಹುವಾವೇ, ಎನ್‌ಇಸಿ, ನಾರ್ಟೆಲ್, ಸೀಮೆನ್ಸ್ ಕಂಪನಿಗಳು 2003ರಲ್ಲೇ ಸಿಪಿಆರ್‌ಐ ಎಂಬ ಸಮಾನ ನಿಯಮ ಮಾಡಿಕೊಂಡವು. ಹೆಸರಿನಲ್ಲಿ ‘ಕಾಮನ್’, ‘ಪಬ್ಲಿಕ್’ ಎರಡೂ ಪದಗಳಿವೆ. ಆದರೂ ಒಳಗೆ ತಯಾರಕರ ಪಾಲಿಗೆ ಬಿಟ್ಟ ಭಾಗ ಎಷ್ಟಿತ್ತೆಂದರೆ, ಒಬ್ಬರ ರೇಡಿಯೋವನ್ನು ಇನ್ನೊಬ್ಬರ ಬೇಸ್‌ಬ್ಯಾಂಡಿಗೆ ಜೋಡಿಸಲು ಸಾಧ್ಯವೇ ಆಗುತ್ತಿರಲಿಲ್ಲ. ಫೋನು ಕೊಳ್ಳುವ ನೀವು ಸ್ವತಂತ್ರರು. ಟವರ್ ಕೊಳ್ಳುವ ಸೇವಾ ಕಂಪನಿ ಒಬ್ಬ ತಯಾರಕನಿಗೆ ಕಟ್ಟುಬಿದ್ದಿರುತ್ತದೆ.

ಈ ಕಟ್ಟನ್ನು ಬಿಡಿಸಲು ಎಟಿ ಆ್ಯಂಡ್ ಟಿ, ಚೈನಾ ಮೊಬೈಲ್, ಡಾಯ್ಚ ಟೆಲಿಕಾಂ, ಎನ್‌ಟಿಟಿ ಡೊಕೊಮೊ ಮತ್ತು ಆರೆಂಜ್ ಎಂಬ 5 ಸೇವಾ ಕಂಪನಿಗಳು 2018ರಲ್ಲಿ ಓ-ರ‍್ಯಾನ್ ಮೈತ್ರಿಕೂಟ ಕಟ್ಟಿದವು. ಗಡಿಯನ್ನು ತಯಾರಕರ ಜಾಗದೊಳಕ್ಕೆ ತಳ್ಳುವುದೇ ಅವುಗಳ ಉದ್ದೇಶ. ನೋಕಿಯಾ ಬೇಗ ಸೇರಿತು, ಎರಿಕ್ಸನ್ 2019ರಲ್ಲಿ ಸೇರಿತು. 2023ರ ಡಿಸೆಂಬರ್‌ನಲ್ಲಿ ಎಟಿ ಆ್ಯಂಡ್ ಟಿ ತನ್ನ ಮುಕ್ತ ಜಾಲಕ್ಕಾಗಿ (ಬೇರೆ ಬೇರೆ ತಯಾರಕರ ಯಂತ್ರಗಳು ಹೊಂದುವಂಥದ್ದು) ಸುಮಾರು 1,400 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು, ಹೆಚ್ಚುಕಡಿಮೆ ಪೂರ್ತಿ ಎರಿಕ್ಸನ್‌ಗೇ. ಬಾಗಿಲು ತೆರೆದ ಮೇಲೆ ಮೊದಲು ಒಳಗೆ ಬಂದದ್ದು ಹಳೆಯ ಮನೆಯವರೇ. ಇದರಿಂದ ಮುಕ್ತ ಜಾಲ ಬರೀ ಮಾತು ಎನ್ನುವವರೊಂದಿಗೆ ನಾನಿಲ್ಲ. ನಾಳೆ ಬೇರೆಯವರ ರೇಡಿಯೋ ಜೋಡಿಸಬಹುದು ಎಂಬ ಸಾಧ್ಯತೆಯೊಂದೇ ಇಂದಿನ ದರ ಇಳಿಸುತ್ತದೆ.

ಬೀಗ ಹಾಕುವ ಕೆಲಸ ಎಷ್ಟು ಸಣ್ಣ ಮಟ್ಟದಲ್ಲಿ ನಡೆಯುತ್ತದೆ ಎನ್ನುವುದಕ್ಕೆ ಎಸ್‌ಎಫ್‌ಪಿ ಎಂಬ ವಸ್ತುವನ್ನು ನೋಡಬೇಕು. ಕೇಬಲ್‌ನವರ ಕೋಣೆಯಲ್ಲಿ ಕಿರುಬೆರಳುದ್ದದ, ತಗಡಿನ ಹೊದಿಕೆಯ, ಯಂತ್ರದ ಮುಖಕ್ಕೆ ತಳ್ಳಿ ಕೂರಿಸಿರುವ ತುಂಡುಗಳಿರುತ್ತವಲ್ಲ, ಅವೇ. ವಿದ್ಯುತ್ ಸಂಕೇತವನ್ನು ಬೆಳಕಾಗಿ ಮಾಡುವುದು ಅವುಗಳ ಕೆಲಸ. ಅಳತೆ, ಪಿನ್ನು, ವೋಲ್ಟೇಜು ಎಲ್ಲವನ್ನೂ ಪ್ರತಿಸ್ಪರ್ಧಿ ತಯಾರಕರು ಕೂಡಿ ಒಪ್ಪಿಕೊಂಡಿದ್ದಾರೆ. ಅದರೊಳಗೆ 256 ಬೈಟ್‌ಗಳ ಚಿಕ್ಕ ಸ್ಮೃತಿಯಿದೆ, ಅದರಲ್ಲಿ 16 ಅಕ್ಷರಗಳ ಜಾಗ ತಯಾರಕರ ಹೆಸರಿಗೆ ಮೀಸಲು. ಕೆಲವು ಯಂತ್ರಗಳು ತುಂಡನ್ನು ತಳ್ಳಿದ ಕೂಡಲೇ ಆ 16 ಅಕ್ಷರ ಓದಿ, ಹೆಸರು ತಮ್ಮದಲ್ಲದಿದ್ದರೆ ಪೋರ್ಟನ್ನೇ ಮುಚ್ಚಿಬಿಡುತ್ತವೆ. ಬೆಳಕು ಸರಿ, ವೇಗ ಸರಿ, ಹೆಸರು ಮಾತ್ರ ಬೇರೆ! ಪರೀಕ್ಷಾ ಲ್ಯಾಬಿನಲ್ಲಿದ್ದ ದಿನಗಳಲ್ಲಿ ಹೆಸರಿನ ಅಕ್ಷರಗಳನ್ನು ತಿದ್ದಿ ಬರೆದು ಅದೇ ತುಂಡನ್ನು ಮತ್ತೆ ತಳ್ಳಿ, ಹಸಿರು ದೀಪ ಹತ್ತಿದ್ದನ್ನು ಕಂಡು ನಾವು ನಕ್ಕಿದ್ದುಂಟು.

ಎಲ್ಲ ಅಡ್ಡಿಯೂ ದುರುದ್ದೇಶದ್ದೇ ಎಂದುಕೊಳ್ಳಬಾರದು. ಅದೇ ಲ್ಯಾಬಿನಲ್ಲಿ ಎರಡು ಕಂಪನಿಗಳ ಯಂತ್ರಗಳನ್ನು ಜೋಡಿಸಿ ನೋಡುವ ಪರೀಕ್ಷೆಗೆ ಎರಡೂ ಕಡೆಯ ಎಂಜಿನಿಯರುಗಳು ಬರುತ್ತಿದ್ದರು. ಒಮ್ಮೆ ಎರಡು ದಿನ ಸಂಪರ್ಕವೇ ಕೂಡಲಿಲ್ಲ. ಮೂರನೆಯ ದಿನ ಒಬ್ಬರ ಲಾಗ್ ಕಡತವನ್ನು ಇನ್ನೊಬ್ಬರ ಪರದೆಯ ಮೇಲೆ ತೆರೆದು ಸಾಲು ಸಾಲಾಗಿ ಓದಿದಾಗ ತಿಳಿದದ್ದು ಇಷ್ಟು: ಮಾನಕದಲ್ಲಿ ‘ಐಚ್ಛಿಕ’ ಎಂದು ಬರೆದ ಒಂದು ಅಂಶವನ್ನು ಒಂದು ಯಂತ್ರ ಕಳುಹಿಸುತ್ತಿತ್ತು, ಅಂಥದ್ದು ಬರಬಹುದೆಂದು ಇನ್ನೊಂದು ಯಂತ್ರ ಬರೆದವರು ಎಣಿಸಿಯೇ ಇರಲಿಲ್ಲ. ಇಬ್ಬರೂ ನಿಯಮ ಮೀರಿರಲಿಲ್ಲ. ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದರು. ಮರುವಾರ ಇಬ್ಬರ ಕಂಪನಿಗಳೂ ಒಂದೇ ಟೆಂಡರ್‌ಗೆ ದರ ಹಾಕಿದವು.

ದರದ ಮಾತು ಬಂದದ್ದರಿಂದ ಹೇಳುತ್ತೇನೆ, ಆ ಊಟದ ಮೇಜಿನಲ್ಲಿ ದರ ಎಂಬ ಪದ ಬರುವಂತಿಲ್ಲ. 3ಜಿಪಿಪಿ ಸಭೆಗಳ ಆರಂಭದಲ್ಲಿ ಅಧ್ಯಕ್ಷರು ಪೇಟೆಂಟ್ ಘೋಷಣೆಯ ಜೊತೆಗೆ ಸ್ಪರ್ಧಾ ಕಾನೂನಿನ ಎಚ್ಚರಿಕೆಯನ್ನೂ ಓದುತ್ತಾರೆ. ನಮ್ಮಲ್ಲಿ 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಪ್ರತಿಸ್ಪರ್ಧಿಗಳು ಕೂಡಿ ಬೆಲೆ ಕಟ್ಟುವುದನ್ನು ತಡೆಯುತ್ತದೆ. ಸರ್ಕಾರಗಳಿಗೂ ಮಾನಕದ ಕೋಣೆ ಬೇಕು: 2019ರಲ್ಲಿ ಹುವಾವೇಯನ್ನು ನಿರ್ಬಂಧ ಪಟ್ಟಿಗೆ ಸೇರಿಸಿದ ಅಮೆರಿಕವೇ, ತನ್ನ ಕಂಪನಿಗಳು ಆ ಕೋಣೆಯಿಂದ ಹೊರಗುಳಿಯುವುದನ್ನು ಕಂಡು, ಮಾನಕ ರಚನೆಯ ಮಟ್ಟಿಗೆ ಹುವಾವೇ ಇರುವ ಸಭೆಯಲ್ಲಿ ಭಾಗವಹಿಸಬಹುದೆಂದು 2020ರ ಜೂನ್‌ನಲ್ಲಿ ನಿಯಮ ಸಡಿಲಿಸಿತು.

ನಮ್ಮ ದೇಶ ಈ ಆಟದಲ್ಲಿ ಬರೀ ಪ್ರೇಕ್ಷಕ ಎಂದುಕೊಳ್ಳಬೇಡಿ. 1984ರಲ್ಲಿ ಹುಟ್ಟಿದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿ, 1986ರಲ್ಲಿ ಮೊದಲಿಗೆ ನಮ್ಮ ಕಿತ್ತೂರಿನಲ್ಲಿ ಸ್ಥಾಪಿಸಿ, ಅದೇ ವಿನ್ಯಾಸವನ್ನು ಹಲವು ತಯಾರಕರಿಗೆ ಕೊಟ್ಟಿತು. ವಿನ್ಯಾಸ ಒಂದು, ಪೈಪೋಟಿ ತಯಾರಿಕೆಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದಲ್ಲಿ ಕೋರ್ (ಜಾಲವನ್ನು ನಿಭಾಯಿಸುವ ಕೇಂದ್ರ ಭಾಗ) ಸಿ-ಡಾಟ್‌ನದು, ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜೋಡಣೆ ಟಿಸಿಎಸ್‌ನದು. ಕೋರ್ ಮತ್ತು ರೇಡಿಯೋ ನಡುವಿನ ಗಡಿಯನ್ನು 3ಜಿಪಿಪಿ ಮೊದಲೇ ಗುರುತಿಸಿಟ್ಟಿದ್ದರಿಂದಲೇ ಈ ಬೆಸುಗೆ ಸಾಧ್ಯವಾಯಿತು.

ಕೊಡಗಿನವರಿಗೆ ಹೆಚ್ಚು ಹತ್ತಿರದ್ದು 5ಜಿಐ ಪ್ರಸಂಗ. ಹಳ್ಳಿಗಳಲ್ಲಿ ಟವರ್‌ಗಳ ನಡುವೆ 6 ಕಿಲೋಮೀಟರ್ ಅಂತರವಿದ್ದರೂ ದುರ್ಬಲ ಫೋನಿನ ಸಂಕೇತ ಟವರ್ ತಲುಪಬೇಕೆಂದು ಭಾರತದ ಮಾನಕ ಸಂಸ್ಥೆ ಟಿಎಸ್‌ಡಿಎಸ್‌ಐ 5ಜಿ ಮಾನಕಕ್ಕೆ 5ಜಿಐ ಎಂಬ ತನ್ನದೇ ಮಾರ್ಪಾಡು ರೂಪಿಸಿತು. 2021ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಮನ್ನಣೆಯೂ ಸಿಕ್ಕಿತು. ಪ್ರತ್ಯೇಕ ಮಾನಕವಾದರೆ ಫೋನು, ಉಪಕರಣ ಎರಡೂ ದುಬಾರಿಯಾಗುತ್ತವೆ ಎಂದು ಸೇವಾ ಕಂಪನಿಗಳೂ ದೊಡ್ಡ ತಯಾರಕರೂ ವಿರೋಧಿಸಿದರು. ಕೊನೆಗೆ ಅದರ ಸಾರವನ್ನು 3ಜಿಪಿಪಿಯ 17ನೇ ಆವೃತ್ತಿಯಲ್ಲೇ ಸೇರಿಸುವುದೆಂದಾಯಿತು. ನನ್ನ ಅಭಿಪ್ರಾಯದಲ್ಲಿ ಅದು ಸೋಲಲ್ಲ, ಕೇಳಬೇಕಾದದ್ದನ್ನು ಕೇಳಿ ಪಡೆದದ್ದು. ನಮ್ಮ ಬೆಟ್ಟಗಳನ್ನು ಮಾತ್ರ ಯಾವ ಆವೃತ್ತಿಯೂ ಬಗ್ಗಿಸಲಾರದು. ಭಾಗಮಂಡಲದ ಕಣಿವೆಗೆ ಇನ್ನೊಂದು ಟವರೇ ಬೇಕು.

ಈಗ ನಿಮ್ಮ ಹೊಸ ಪೆಟ್ಟಿಗೆ. ಆ ಹುಡುಗನಿಗೆ ಮೊದಲು ಕೇಳಬೇಕಾದದ್ದು, ನಿಮ್ಮ ಲೈನು ಜಿಪಾನೋ ಈಪಾನೋ ಎಂದು. ಈಪಾನ್ ಎಂಬುದು ಐಇಇಇ ಸಂಸ್ಥೆ 2004ರಲ್ಲಿ ತಂದ ಇನ್ನೊಂದು ಮಾನಕ. ಸಣ್ಣ ಕೇಬಲ್‌ನವರು ಅಗ್ಗವೆಂದು ಅದನ್ನೇ ಹಾಕಿರುವುದುಂಟು. ಪೆಟ್ಟಿಗೆ ಒಂದು ಬಗೆಯದ್ದು, ಓಎಲ್‌ಟಿ ಇನ್ನೊಂದು ಬಗೆಯದ್ದಾಗಿದ್ದರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ, ಪೆಟ್ಟಿಗೆಯನ್ನು ಹಿಂದಿರುಗಿಸಿ. ಎರಡೂ ಒಂದೇ ಬಗೆಯಾಗಿದ್ದರೆ, ಅಥವಾ ನಿಮ್ಮದು ಎರಡಕ್ಕೂ ಆಗುವ ಎಕ್ಸ್‌ಪಾನ್ ಆಗಿದ್ದರೆ, ಹೊಸ ಕ್ರಮಸಂಖ್ಯೆಯನ್ನು ಓಎಲ್‌ಟಿಯಲ್ಲಿ ದಾಖಲಿಸಿ, ವಿಲ್ಯಾನ್ ಸಂಖ್ಯೆಯನ್ನು (ಇಂಟರ್‌ನೆಟ್ ಯಾವ ದಾರಿಯಲ್ಲಿ ಎಂದು ಗುರುತಿಸುವ ಸಂಖ್ಯೆ) ನಿಮಗೆ ತಿಳಿಸಲು ಹೇಳಿ. ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಅದನ್ನು ಕೈಯಾರೆ ತುಂಬಿದರೆ ಇಂಟರ್‌ನೆಟ್ ಬರುವ ಸಾಧ್ಯತೆ ಹೆಚ್ಚು. ಅದೇ ಲೈನಿನಲ್ಲಿ ಲ್ಯಾಂಡ್‌ಲೈನ್ ಫೋನೂ ಬೇಕೆಂದಾದರೆ, ಅವರು ಹೇಳುವ ಕಂಪನಿಯದ್ದನ್ನೇ ಕೊಳ್ಳುವುದು ಮೇಲು.